ವೀರಗಲ್ಲು: ಶಬ್ದದ ಅರ್ಥ ಮತ್ತು ಅದರ ಸದ್ಬಳಕೆ

ಶರಣರ ಮಾರ್ಗದಲ್ಲಿ ನುಡಿಗೆ ಬಹು ದೊಡ್ಡ ಸ್ಥಾನವಿದೆ. ನುಡಿದಂತೆ ನಡೆಯಬೇಕೆಂಬುದು ಎಷ್ಟು ಮುಖ್ಯವೋ, ನಡೆಗೆ ತಕ್ಕ ನುಡಿಯನ್ನೇ ಬಳಸಬೇಕೆಂಬುದೂ ಅಷ್ಟೇ ಮುಖ್ಯ. ಒಂದು ಶಬ್ದವನ್ನು ಅದಕ್ಕೆ ಸಲ್ಲದ ವಸ್ತುವಿಗೆ ಹಚ್ಚಿದರೆ ಮೊದಲು ಆ ಶಬ್ದ ಬಡವಾಗುತ್ತದೆ. ಕಾಲಕ್ರಮದಲ್ಲಿ ಆ ಶಬ್ದ ಕಾಪಾಡಿಕೊಂಡು ಬಂದಿದ್ದ ಮೌಲ್ಯವೂ ಮರೆಯಾಗುತ್ತದೆ. ಇಂದು ಬೆಂಗಳೂರಿನ ಸುತ್ತಮುತ್ತ ಹೀಗೆ ಬಡವಾಗುತ್ತಿರುವ ಶಬ್ದಗಳಲ್ಲಿ ‘ವೀರಗಲ್ಲು’ ಎಂಬುದು ಒಂದು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಎಂದು ಇಂದು ಹೆಸರಾಗಿರುವ ಪ್ರದೇಶಗಳು ಅರ್ಧ ಶತಮಾನದ ಹಿಂದೆ ಬಹುಮಟ್ಟಿಗೆ ಕೆರೆ, ಗೋಮಾಳ, ರಾಗಿ ಹೊಲಗಳ ಹಳ್ಳಿಗಳಾಗಿದ್ದವು. ಇಂತಹ ಹಳ್ಳಿಗಳ ಊರಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ ಕೆತ್ತನೆಯ ಕಲ್ಲುಗಳನ್ನು ನಿಲ್ಲಿಸುವುದು ವಾಡಿಕೆಯಾಗಿತ್ತು. ನಗರ ಬೆಳೆದು ಹಳ್ಳಿಗಳನ್ನು ಒಳಗು ಮಾಡಿಕೊಂಡ ಮೇಲೂ ಅವುಗಳಲ್ಲಿ ಕೆಲವು ಉಳಿದುಕೊಂಡಿವೆ. ಅವುಗಳ ವಿಷಯದಲ್ಲಿ ಜನ ಎರಡು ಬಗೆಯಾಗಿ ಮಾತನಾಡುವುದುಂಟು. ಕೆತ್ತನೆಯಿರುವ ಹಳೆಯ ಕಲ್ಲೆಲ್ಲವೂ ವೀರಗಲ್ಲೇ ಎನ್ನುವುದು ಒಂದು ಬಗೆ. ಎತ್ತರವಾಗಿ, ಭವ್ಯವಾಗಿ ನಿಂತ ಕಲ್ಲಿಗೇ ಆ ಹೆಸರು ಒಪ್ಪುತ್ತದೆ ಎನ್ನುವುದು ಇನ್ನೊಂದು ಬಗೆ. ಇವೆರಡೂ ಸರಿಯಲ್ಲ. ವೀರಗಲ್ಲು ಎಂಬ ಶಬ್ದವು ಹಳಮೆಯನ್ನು ಹೇಳುವುದಿಲ್ಲ, ಎತ್ತರವನ್ನೂ ಹೇಳುವುದಿಲ್ಲ. ಪ್ರಾಣವನ್ನು ತೆತ್ತ ಒಬ್ಬನ ಕಾರ್ಯವನ್ನು ಮತ್ತು ಬದುಕಿ ಉಳಿದವರು ಅವನಿಗೆ ತೀರಿಸಬೇಕಾದ ಋಣವನ್ನು ಅದು ಹೇಳುತ್ತದೆ. ಈ ಅರ್ಥ ಜನರ ಬಾಯಲ್ಲಿ ಉಳಿದರೆ ಮಾತ್ರ ಕಲ್ಲುಗಳೂ ಉಳಿದಾವು ಎಂಬುದು ಈ ಲೇಖನದ ಅಭಿಪ್ರಾಯ.

ಶಬ್ದಾರ್ಥ

‘ವೀರ’ ಮತ್ತು ‘ಕಲ್ಲು’ ಎಂಬೆರಡು ಪದಗಳು ಕೂಡಿ ವೀರಗಲ್ಲು ಆಗಿದೆ. ಉತ್ತರಪದದ ಮೊದಲ ಕಕಾರವು ಗಕಾರವಾಗಿರುವುದರಿಂದ ಇದು ಆದೇಶ ಸಂಧಿ. ವೀರ ಶಬ್ದದ ತದ್ಭವ ‘ಬೀರ’. ಆದುದರಿಂದ ‘ಬೀರಗಲ್ಲು’ ಎಂಬ ರೂಪವೂ ಉಂಟು. ಇದೇ ರೀತಿಯಲ್ಲಿ ಮಾಸ್ತಿಗಲ್ಲು, ಗಡಿಗಲ್ಲು, ಅಡಿಗಲ್ಲು, ಒರೆಗಲ್ಲು, ಮೈಲಿಗಲ್ಲು ಮೊದಲಾದ ಪದಗಳು ಕನ್ನಡದಲ್ಲಿವೆ. ಈ ಪದಗಳನ್ನು ಒಂದೆಡೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕಲ್ಲು ಹೇಗಿದೆ, ಎಷ್ಟು ದೊಡ್ಡದಿದೆ ಎಂಬುದನ್ನು ಇವು ಯಾವುವೂ ಹೇಳುವುದಿಲ್ಲ. ಆ ಕಲ್ಲು ಯಾವ ಕೆಲಸಕ್ಕೆ ಇದೆ, ಯಾವುದಕ್ಕೆ ಸಾಕ್ಷಿಯಾಗಿದೆ ಎಂಬುದನ್ನೇ ಹೇಳುತ್ತವೆ. ಚಿನ್ನದ ಗುಣವನ್ನು ತಿಳಿಸುವುದು ಒರೆಗಲ್ಲು. ಎಲ್ಲೆಯನ್ನು ತೋರುವುದು ಗಡಿಗಲ್ಲು. ವೀರನ ಕಾರ್ಯಕ್ಕೆ ಸಾಕ್ಷಿಯಾಗಿ ನಿಂತದ್ದು ವೀರಗಲ್ಲು.

ಎತ್ತರವಾಗಿ ನಿಲ್ಲಿಸಿದ ಶಿಲೆಗೆ ಕನ್ನಡದಲ್ಲಿ ‘ಕಂಬ’ ಎಂಬ ಬೇರೆ ಪದವೇ ಇದೆ. ಸಂಸ್ಕೃತದ ‘ಸ್ತಂಭ’ವೂ ಬಳಕೆಯಲ್ಲಿದೆ. ಕಂಬವು ಸಾಮಾನ್ಯವಾಗಿ ಮತ್ತೊಂದನ್ನು ಹೊರುತ್ತದೆ. ಮನೆಯ ಕಂಬ ಮಾಡನ್ನು ಹೊರುತ್ತದೆ, ದೀಪದ ಕಂಬ ದೀಪವನ್ನು ಹೊರುತ್ತದೆ, ಧ್ವಜಸ್ತಂಭ ಧ್ವಜವನ್ನು ಹೊರುತ್ತದೆ. ಕೆತ್ತನೆಯಾಗಲಿ ಬರಹವಾಗಲಿ ಇಲ್ಲದೆ ಕೇವಲ ನೆಟ್ಟು ನಿಲ್ಲಿಸಿದ ಹಿರಿಯ ಕಲ್ಲುಗಳಿಗೂ ನಾಡಿನಲ್ಲಿ ಹೆಸರುಂಟು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ಬೃಹತ್ ಶಿಲಾಯುಗದ ಸಂಪ್ರದಾಯಕ್ಕೆ ಸೇರಿದ ನಿಲುಗಲ್ಲುಗಳಿರುವ ಊರಿನ ಹೆಸರೇ ನಿಲಸಕಲ್ಲು. ಅಲ್ಲಿನ ಕಲ್ಲುಗಳ ಸಾಲುಗಳಿಗೂ ಸೂರ್ಯನ ಉದಯಾಸ್ತದ ದಿಕ್ಕುಗಳಿಗೂ ಸಂಬಂಧವಿದೆಯೆಂದು ಸಂಶೋಧಕರು ಸೂಚಿಸಿದ್ದಾರೆ. ಹೀಗೆ ನಿಂತ ಕಲ್ಲಿಗೆ ನಿಂತ ಕಲ್ಲು ಎಂದೇ ಹೆಸರಿಟ್ಟ ಜನ, ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲಿಗೆ ವೀರಗಲ್ಲು ಎಂದರು. ಎರಡರ ಭೇದ ಅವರಿಗೆ ಚೆನ್ನಾಗಿ ತಿಳಿದಿತ್ತು.

ಕಲ್ಲು ಹೇಳುವ ಮಾತು

ವೀರಗಲ್ಲುಗಳಲ್ಲಿ ಅನೇಕವು ಆಳೆತ್ತರಕ್ಕಿಂತ ಹೆಚ್ಚಿಲ್ಲ, ಸೊಂಟದೆತ್ತರದವೂ ಇವೆ. ಚಾಲುಕ್ಯ, ಹೊಯ್ಸಳ ಕಾಲದ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಅಂಕಣಗಳನ್ನು ಕಾಣಬಹುದು. ಕೆಳಗಿನದರಲ್ಲಿ ವೀರನ ಹೋರಾಟ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಕೊಂಡೊಯ್ಯುವುದು, ಮೇಲಿನದರಲ್ಲಿ ಅವನು ಲಿಂಗದ ಸನ್ನಿಧಿಯಲ್ಲಿ ಕುಳಿತಿರುವುದು. ತುದಿಯಲ್ಲಿ ಸೂರ್ಯಚಂದ್ರರು. ಸೂರ್ಯಚಂದ್ರರಿರುವವರೆಗೂ ಈ ಕಾರ್ಯದ ನೆನಪು ಉಳಿಯಲಿ ಎಂಬುದು ಅದರ ಅರ್ಥ. ಅದಕ್ಕೂ ಹಿಂದಿನ ಗಂಗರ ಕಾಲದ ಕಲ್ಲುಗಳಲ್ಲಿ ಕಾಳಗದ ಚಿತ್ರವೇ ಪ್ರಧಾನ.

ಬರಹವಿರುವ ಕಲ್ಲುಗಳಲ್ಲಿ ಸಾವಿನ ಕಾರಣವನ್ನು ಹೇಳುವ ಪದಗಳು ಬರುತ್ತವೆ. ದನಗಳನ್ನು ಹಿಡಿದೊಯ್ಯುವವರ ಜೊತೆ ನಡೆದ ಹೋರಾಟ ‘ತುರುಗೊಳ್’. ಊರನ್ನು ಹಾಳುಗೆಡವಲು ಬಂದವರನ್ನು ಎದುರಿಸಿದ್ದು ‘ಊರಳಿವು’. ಹೆಂಗಸರ ಮಾನಕ್ಕೆ ಕುಂದು ಬಂದಾಗ ಎದ್ದ ಕೂಗು ‘ಪೆಣ್ಬುಯ್ಯಲ್’. ಹುಲಿ, ಹಂದಿಗಳೊಡನೆ ಹೋರಾಡಿ ಮಡಿದವರಿಗೂ ಕಲ್ಲುಗಳಿವೆ. ಸತ್ತವರಲ್ಲಿ ಅರಸರಿಗಿಂತ ಊರಿನವರೇ ಹೆಚ್ಚು ಎಂಬುದು ಗಮನಾರ್ಹ. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿಯೂ, ಆರ್. ಶೇಷಶಾಸ್ತ್ರಿಯವರು 1982ರ ‘ಕರ್ನಾಟಕದ ವೀರಗಲ್ಲುಗಳು’ ಗ್ರಂಥದಲ್ಲಿಯೂ ಈ ವಿಷಯವನ್ನು ವಿಸ್ತಾರವಾಗಿ ವಿವೇಚಿಸಿದ್ದಾರೆ.

ಕಲ್ಲು ನಿಲ್ಲಿಸುವುದರೊಂದಿಗೆ ಊರಿನವರ ಕರ್ತವ್ಯ ಮುಗಿಯುತ್ತಿರಲಿಲ್ಲ. ವೀರನಿಗೆ ಅಥವಾ ಅವನ ವಂಶದವರಿಗೆ ಭೂಮಿಯನ್ನು ಬಿಡುವ ಪದ್ಧತಿಯಿತ್ತು. ಅದಕ್ಕೆ ‘ಕಲ್ನಾಡು’, ‘ಬಾಳ್ಗಳ್ಚು’, ‘ನೆತ್ತರುಗೊಡಗೆ’ ಮುಂತಾದ ಹೆಸರುಗಳು ದೊರೆಯುತ್ತವೆ. ಬಾಳ್ಗಳ್ಚು ಎಂದರೆ ಖಡ್ಗವನ್ನು ತೊಳೆದು ಕೊಟ್ಟ ದತ್ತಿ. ನೆತ್ತರುಗೊಡಗೆ ಎಂದರೆ ಸುರಿಸಿದ ರಕ್ತಕ್ಕೆ ಪ್ರತಿಯಾಗಿ ಕೊಟ್ಟ ಭೂಮಿ. ಸುಮಾರು 450ರ ಕಾಲದ ಹಲ್ಮಿಡಿ ಶಾಸನದಲ್ಲಿಯೇ ವಿಜ ಅರಸನಿಗೆ ಕೊಟ್ಟ ಬಾಳ್ಗಳ್ಚಿನ ಉಲ್ಲೇಖವಿದೆ. ಕನ್ನಡವು ಕಲ್ಲಿನ ಮೇಲೆ ಮೂಡಿದ ಆರಂಭದ ಕಾಲದಲ್ಲಿಯೇ ಈ ಋಣದ ಮಾತೂ ಮೂಡಿದೆ ಎಂಬುದನ್ನು ಭಕ್ತರು ಗಮನಿಸಬೇಕು.

ವೀರ ಎಂಬ ಶಬ್ದವನ್ನು ಹಿಂದಿನವರು ಎಷ್ಟು ಉದಾರವಾಗಿ ಬಳಸಿದರು ಎಂಬುದಕ್ಕೆ ಮದ್ದೂರು ಸಮೀಪದ ಆತಕೂರಿನ ಕಲ್ಲು ನಿದರ್ಶನ. ಇದರ ಕಾಲ 949-50. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗನು ಬೇಡಿದ್ದನ್ನು ಕೊಡುವೆನೆಂದಾಗ, ಅವನು ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ಒಂದು ಕಾಡುಹಂದಿಯ ಮೇಲೆರಗಿ, ಎರಡೂ ಹೋರಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಭೂಮಿಯೂ ದತ್ತಿಯಾಯಿತು. ಇಂದು ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಕುಲವನ್ನಾಗಲಿ ಪದವಿಯನ್ನಾಗಲಿ ನೋಡದೆ ಕಾರ್ಯವನ್ನೇ ನೋಡಿ ಕಲ್ಲು ನಿಲ್ಲಿಸಿದ ಉದಾಹರಣೆ ಇದಕ್ಕಿಂತ ಬೇರೊಂದು ಬೇಕಿಲ್ಲ.

ಬೇಗೂರು ಮತ್ತು ತೋಗೂರು

ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದಲ್ಲಿರುವ ಬೇಗೂರು ಈ ವಿಷಯದಲ್ಲಿ ಅತಿ ಮಹತ್ವದ ಸ್ಥಳ. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು 890ರ ಕಾಲದ ಒಂದು ಕಲ್ಲಿದೆ. ನಾಗತ್ತರನೆಂಬ ಗಂಗರ ಅಧಿಕಾರಿಗೆ ಸಂಬಂಧಪಟ್ಟ ಬುಟ್ಟಣಸೆಟ್ಟಿಯು ಬೆಂಗಳೂರಿನ ಕಾಳಗದಲ್ಲಿ ಮಡಿದನೆಂಬುದನ್ನು ಅದು ತಿಳಿಸುತ್ತದೆ. ಬೆಂಗಳೂರು ಎಂಬ ಹೆಸರಿಗೆ ಹಳೆಯ ಆಧಾರವಾಗಿ ವಿದ್ವಾಂಸರು ತೋರಿಸುವುದು ಈ ಕಲ್ಲನ್ನೇ. ಹೊಯ್ಸಳ ಬಲ್ಲಾಳನಿಗೆ ಅಜ್ಜಿಯೊಬ್ಬಳು ಬೇಯಿಸಿದ ಕಾಳನ್ನು ಕೊಟ್ಟದ್ದರಿಂದ ಬೆಂದಕಾಳೂರು ಎಂಬ ಹೆಸರು ಬಂದಿತೆಂಬ ಕಥೆ ಜನಜನಿತವಾಗಿದೆ. ಆದರೆ ಆ ಅರಸನಿಗಿಂತ ಸುಮಾರು ಮುನ್ನೂರು ವರ್ಷಗಳ ಮೊದಲೇ ಊರಿನ ಹೆಸರು ಕಲ್ಲಿನಲ್ಲಿತ್ತು. ಇಂದು ಜಗತ್ತೆಲ್ಲ ಬಲ್ಲ ಮಹಾನಗರದ ಹೆಸರು ಅರಮನೆಯ ದಾಖಲೆಯಿಂದ ಉಳಿದು ಬಂದುದಲ್ಲ. ಒಬ್ಬನ ಸಾವನ್ನು ನೆನೆದು ನಿಲ್ಲಿಸಿದ ಕಲ್ಲಿನಿಂದ ಉಳಿದು ಬಂದಿದೆ.

ಬೇಗೂರಿನಿಂದ ವಸ್ತುಸಂಗ್ರಹಾಲಯಕ್ಕೆ ಬಂದಿರುವ ಮತ್ತೊಂದು ದೊಡ್ಡ ಕಲ್ಲು ನಾಗತ್ತರನದೇ. ಗಂಗ ಅರಸ ಎರೆಯಪ್ಪನ ಆಜ್ಞೆಯಂತೆ ವೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ಕಾದಾಡಿ ನಾಗತ್ತರನು ಮಡಿದನು. ಅದನ್ನು ಕೇಳಿದ ಅರಸನು ಇರುಗನಿಗೆ ನಾಗತ್ತರನ ಪದವಿಯನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಆ ಹನ್ನೆರಡು ಊರುಗಳ ಹೆಸರುಗಳು ಕಲ್ಲಿನ ಮೇಲಿವೆ. ಅವುಗಳಲ್ಲಿ ತೊವಗೂರು, ಪುಲ್ಲಿಮಂಗಲ, ಇಗ್ಗಲೂರು ಎಂಬವು ಸೇರಿವೆ. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಗುವುದನ್ನು ಬಲ್ಲವರಿಗೆ ಪುಲ್ಲಿಮಂಗಲವು ಇಂದಿನ ಹುಲಿಮಂಗಲದೊಡನೆ ಹೊಂದುವುದು ಒಡನೆಯೇ ತಿಳಿಯುತ್ತದೆ. ತೊವಗೂರು ಇಂದಿನ ತೋಗೂರಿನೊಡನೆ ಹೊಂದುತ್ತದೆ.

1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಸುಮಾರು 330 ಎಕರೆಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿದ್ದು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ. ಅಂದರೆ ಹನ್ನೊಂದು ಶತಮಾನಗಳ ಹಿಂದೆ ಸಾವಿನ ಋಣವನ್ನು ತೀರಿಸಲು ಕೊಟ್ಟ ಊರುಗಳ ಸೀಮೆಯಲ್ಲಿಯೇ ಇಂದು ಸಾವಿರಾರು ಜನರು ಪ್ರತಿದಿನ ಬಂದು ಕೆಲಸ ಮಾಡಿ ಹೋಗುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಇದು ತಿಳಿಯದು. ಅದು ಅವರ ದೋಷವೆನ್ನಲಾಗದು. ತಿಳಿಸಬೇಕಾದ ಶಬ್ದವನ್ನು ಬಲ್ಲವರು ಬಳಕೆಯಿಂದ ಬಿಟ್ಟದ್ದು, ಇಲ್ಲವೇ ಬೇಕಾಬಿಟ್ಟಿಯಾಗಿ ಬಳಸಿದ್ದು ಅದಕ್ಕೆ ಕಾರಣ.

ಎಲ್ಲವನ್ನೂ ವೀರಗಲ್ಲು ಎನ್ನುವುದರಿಂದ ಆಗುವ ನಷ್ಟ

ಕೆತ್ತನೆಯ ಕಲ್ಲೆಲ್ಲವನ್ನೂ ವೀರಗಲ್ಲು ಎಂದು ಕರೆಯುವುದು ಮೇಲ್ನೋಟಕ್ಕೆ ಗೌರವದ ಮಾತಿನಂತೆ ತೋರುತ್ತದೆ. ವಾಸ್ತವದಲ್ಲಿ ಅದರಿಂದ ಪ್ರತಿಯೊಂದು ಕಲ್ಲಿನ ಮಾತೂ ಅಳಿಸಿಹೋಗುತ್ತದೆ.

ವೈಟ್‌ಫೀಲ್ಡ್ ಬಳಿಯ ಕಾಡುಗೋಡಿಯಲ್ಲಿ ರಾಜೇಂದ್ರ ಚೋಳನ ಕಾಲದ, 1043ರ ತಮಿಳು ಶಾಸನವಿದೆ. ಅದು ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿದ ವಿಷಯವನ್ನು ಹೇಳುತ್ತದೆ. ಇಂದು ಐಟಿಪಿಎಲ್ ಇರುವುದು ಅದೇ ಪಟ್ಟಂದೂರಿನ ಹೆಸರು ಹೊತ್ತ ಅಗ್ರಹಾರದ ಬಳಿ. ಈ ಕಲ್ಲು ವೀರಗಲ್ಲಲ್ಲ, ಶಾಸನಗಲ್ಲು. ಅಲ್ಲಿ ಯಾರೂ ಕಾಳಗದಲ್ಲಿ ಸಾಯಲಿಲ್ಲ. ಊರಿಗೆ ನೀರು ಬಂದಿತು. ಅದನ್ನು ವೀರಗಲ್ಲು ಎಂದುಬಿಟ್ಟರೆ ಕೆರೆ ಕಟ್ಟಿಸಿದವರ ಪುಣ್ಯಕಾರ್ಯ ಮರೆತುಹೋಗುತ್ತದೆ. ಕೆರೆಯ ನೆನಪು ಹೋದ ಮೇಲೆ ಕೆರೆಯನ್ನು ಮುಚ್ಚುವುದು ಸುಲಭವಾಗುತ್ತದೆ.

ಗಡಿಗಲ್ಲುಗಳ ವಿಷಯವೂ ಹೀಗೆಯೇ. ಶಿವಾಲಯಕ್ಕೆ ಬಿಟ್ಟ ಭೂಮಿಯ ಎಲ್ಲೆಯಲ್ಲಿ ಲಿಂಗಮುದ್ರೆಯ ಕಲ್ಲು, ವೈಷ್ಣವ ದತ್ತಿಯ ಎಲ್ಲೆಯಲ್ಲಿ ವಾಮನಮುದ್ರೆಯ ಕಲ್ಲು, ಜೈನ ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು ಹಾಕುತ್ತಿದ್ದರು. ಲಿಂಗಮುದ್ರೆಯ ಕಲ್ಲನ್ನು ಕಂಡ ಭಕ್ತರು ಅದನ್ನು ವೀರಗಲ್ಲೆಂದು ಕರೆದರೆ, ಅಥವಾ ಪೂಜೆಗಾಗಿ ಕಿತ್ತು ಬೇರೆಡೆ ಸ್ಥಾಪಿಸಿದರೆ, ಅದು ಕಾಯುತ್ತಿದ್ದ ಎಲ್ಲೆಯ ಸಾಕ್ಷ್ಯವೇ ನಾಶವಾಗುತ್ತದೆ.

ಹಳೇಬೀಡಿನ ಉದಾಹರಣೆ ಇನ್ನೂ ಬೋಧಪ್ರದವಾದುದು. ಅಲ್ಲಿನ ಹೊಯ್ಸಳೇಶ್ವರ ದೇವಾಲಯದ ಬಳಿ ಒಂದು ಗರುಡಗಂಬವಿದೆ. ಗರುಡಗಂಬವೆಂದರೆ ವಿಷ್ಣು ದೇವಾಲಯದ ಮುಂದಿನ ಕಂಬವೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಶಿವಾಲಯದ ಬಳಿ ಅದು ಏಕೆ ಎಂಬ ಸಂದೇಹ ಸಹಜ. ಇಲ್ಲಿ ಗರುಡ ಎಂದರೆ ಒಡೆಯನೊಡನೆ ಸಾಯುವ ಪ್ರತಿಜ್ಞೆ ಮಾಡಿದ ಅಂಗರಕ್ಷಕ. ಇಮ್ಮಡಿ ಬಲ್ಲಾಳನು 1220ರಲ್ಲಿ ತೀರಿಕೊಂಡಾಗ ಕುವರ ಲಕ್ಷ್ಮನೆಂಬ ದಂಡನಾಯಕನು ತನ್ನ ಹೆಂಡತಿ ಹಾಗೂ ಸಂಗಡಿಗರೊಡನೆ ಪ್ರಾಣಾರ್ಪಣೆ ಮಾಡಿದ ನೆನಪಿನ ಕಂಬವದು. ರೂಪದಲ್ಲಿ ಕಂಬ, ಅರ್ಥದಲ್ಲಿ ವೀರಸ್ಮಾರಕ. ಶಬ್ದದ ಅರ್ಥ ತಿಳಿಯದಿದ್ದರೆ ಕಣ್ಣೆದುರಿಗಿದ್ದ ಕಲ್ಲೂ ಕಾಣುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಮಾಸ್ತಿಗಲ್ಲನ್ನು ಕುರಿತು ವಿಶೇಷ ಎಚ್ಚರ ಬೇಕು. ಮಹಾಸತಿ ಎಂಬುದೇ ಮಾಸ್ತಿಯಾಗಿದೆ. ಬಳೆ ತೊಟ್ಟ, ಮೇಲೆತ್ತಿದ ಕೈಯ ಗುರುತಿನಿಂದ ಆ ಕಲ್ಲನ್ನು ತಿಳಿಯಬಹುದು. ಗಂಡನ ಚಿತೆಯೇರಿದ ಹೆಣ್ಣಿನ ಕಲ್ಲನ್ನು ವೀರಗಲ್ಲಿನೊಡನೆ ಕಲಸಿಬಿಟ್ಟರೆ, ಆಕೆಗೆ ಆದದ್ದೇನೆಂಬುದನ್ನೇ ಮುಚ್ಚಿದಂತಾಗುತ್ತದೆ. ಸಹಗಮನವನ್ನು ವೈಭವೀಕರಿಸುವುದನ್ನು 1987ರ ಕಾಯಿದೆ ನಿಷೇಧಿಸಿದೆ, ಅದು ನ್ಯಾಯವೂ ಹೌದು. ಆದರೆ ಆ ಶಬ್ದವನ್ನು ಮರೆಯುವುದು ಪರಿಹಾರವಲ್ಲ. ಹೆಣ್ಣು ಅನುಭವಿಸಿದ ಕ್ರೌರ್ಯವನ್ನು ಅದರ ಹೆಸರಿನಿಂದಲೇ ಕರೆದು, ಅದು ಮತ್ತೆ ಬಾರದಂತೆ ನೋಡಿಕೊಳ್ಳುವುದು ವಿವೇಕ.

ಎತ್ತರವೇ ವೀರಗಲ್ಲೆಂಬ ಭಾವನೆ

ಬೆಂಗಳೂರಿನ ನೆಹರು ತಾರಾಲಯದ ಸಮೀಪ ನಿರ್ಮಿಸಿರುವ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ 75 ಅಡಿ ಎತ್ತರದ ಏಕಶಿಲೆಯೊಂದಿದೆ. ಅದಕ್ಕೆ ವೀರಗಲ್ಲು ಎಂದು ಹೆಸರಿಡಲಾಗಿದೆ. ಅಪಭ್ರಂಶವಾಗಿದ್ದ ಒಂದು ಹಳೆಯ ಪದಕ್ಕೆ ಇದರಿಂದ ಹೊಸ ಜೀವ ಬಂದಿತು ಎನ್ನುವವರಿದ್ದಾರೆ. ಹಳೆಯ ವೀರಗಲ್ಲಿಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವವರೂ ಇದ್ದಾರೆ.

ನ್ಯಾಯವಾಗಿ ನೋಡಿದರೆ ಆ ಹೆಸರು ಅಲ್ಲಿ ಸಲ್ಲುತ್ತದೆ. ಅದಕ್ಕೆ ಕಾರಣ 75 ಅಡಿಯಲ್ಲ. ದೇಶಕ್ಕಾಗಿ ಪ್ರಾಣ ಕೊಟ್ಟ ಸೈನಿಕರ ಹೆಸರುಗಳನ್ನು ಆ ಸ್ಮಾರಕದಲ್ಲಿ ಬರೆಯಲಾಗಿದೆ. ಆ ಹೆಸರುಗಳೇ ಕಲ್ಲನ್ನು ವೀರಗಲ್ಲಾಗಿಸಿವೆ. ಹೆಸರುಗಳನ್ನು ತೆಗೆದರೆ ಅಲ್ಲಿ ಉಳಿಯುವುದು ಹಿರಿದಾದ ಒಂದು ನಿಲುಗಲ್ಲು ಮಾತ್ರ. ಬೇಗೂರಿನ ಕಲ್ಲಿನೆದುರು ಅದು ಎಷ್ಟೋ ಪಟ್ಟು ಎತ್ತರವಿದ್ದರೂ, ಒಬ್ಬನ ಹೆಸರನ್ನು ಹೇಳುವ ಕೆಲಸದಲ್ಲಿ ಎರಡೂ ಸಮಾನ.

ಇಲ್ಲಿ ಅಡಿಗಲ್ಲಿನ ಪ್ರಸ್ತಾಪ ಅಪ್ರಸ್ತುತವಾಗಲಾರದು. ರಸ್ತೆ, ಚರಂಡಿ, ಕಟ್ಟಡ ಯಾವುದೇ ಇರಲಿ, ಅಡಿಗಲ್ಲನ್ನಿಟ್ಟವರ ಹೆಸರು ದೊಡ್ಡ ಅಕ್ಷರಗಳಲ್ಲಿರುತ್ತದೆ. ಕಲ್ಲು ಹೊತ್ತವರ, ಮಣ್ಣು ಅಗೆದವರ ಹೆಸರು ಇರುವುದಿಲ್ಲ. ವೀರಗಲ್ಲಿನಲ್ಲಿ ಕಲ್ಲು ನಿಲ್ಲಿಸಿದವರ ಹೆಸರು ಕೆಲವೊಮ್ಮೆ ಬಂದರೂ ಮುಖ್ಯವಾದುದು ಸತ್ತವನ ಹೆಸರು. ಇಟ್ಟವನ ಹೆಸರನ್ನು ಸಾರುವ ಕಲ್ಲು ಎಷ್ಟೇ ಎತ್ತರವಾಗಿದ್ದರೂ ಅದು ಅಡಿಗಲ್ಲಿನ ಜಾತಿಗೇ ಸೇರಿದ್ದು. ಕೊಟ್ಟವನ ಹೆಸರನ್ನು ಸಾರುವುದು ಮೊಣಕಾಲೆತ್ತರವಿದ್ದರೂ ವೀರಗಲ್ಲು. ಯಾವುದೇ ಹೊಸ ಸ್ಮಾರಕವನ್ನು ಕಂಡಾಗ ಈ ಒರೆಗಲ್ಲಿಗೆ ಉಜ್ಜಿ ನೋಡಿದರೆ ಶಬ್ದ ಸಲ್ಲುತ್ತದೆಯೋ ಇಲ್ಲವೋ ತಿಳಿಯುತ್ತದೆ.

ಆಕ್ಷೇಪ ಮತ್ತು ಸಮಾಧಾನ

ಭಾಷೆ ಹರಿಯುವ ನೀರು, ಶಬ್ದಗಳ ಅರ್ಥ ಬದಲಾಗುವುದು ಸಹಜ, ಅದನ್ನು ತಡೆಯುವುದೇಕೆ ಎಂದು ಕೆಲವರು ಕೇಳಬಹುದು. ಮೈಲಿಗಲ್ಲು ಎಂಬ ಪದವನ್ನು ನೋಡಿ ಎನ್ನಬಹುದು. ದೂರವನ್ನು ಕಿಲೋಮೀಟರಿನಲ್ಲಿ ಅಳೆಯತೊಡಗಿದ ಮೇಲೂ ಸಾಧನೆಯ ಹಂತವೆಂಬ ಅರ್ಥದಲ್ಲಿ ಅದು ಕಚೇರಿಗಳ ಮಾತಿನಲ್ಲಿ ಉಳಿದಿದೆ. ಅದರಿಂದ ಯಾರಿಗೂ ನಷ್ಟವಿಲ್ಲ, ನಿಜ. ಆದರೆ ವೀರಗಲ್ಲುಗಳು ಇನ್ನೂ ನೆಲದ ಮೇಲಿವೆ. ಅವುಗಳಲ್ಲಿ ಬಹುಪಾಲು ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿಲ್ಲ. ಕಾವಲುಗಾರನಿಲ್ಲ, ಬೇಲಿಯಿಲ್ಲ. ಊರಿನವರು ‘ಇದು ವೀರಗಲ್ಲು, ಇಂಥವನದು’ ಎಂದು ಹೇಳುವ ಮಾತೊಂದೇ ಅವುಗಳಿಗೆ ಕಾವಲು. ಆ ಮಾತು ಸಡಿಲವಾದರೆ ಜೆಸಿಬಿ ಯಂತ್ರದ ಮುಂದೆ ಅದು ಬರಿಯ ಚಪ್ಪಡಿ. ಚರಂಡಿಗೆ ಮುಚ್ಚಳವಾಗಬಹುದು, ಪಾಯಕ್ಕೆ ಸೇರಬಹುದು.

ಶರಣ ಸಂಪ್ರದಾಯದ ಭಕ್ತರಿಂದ ಇನ್ನೊಂದು ಆಕ್ಷೇಪ ಬರಬಹುದು. ಬಸವಣ್ಣನವರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದರು. ಕಲ್ಲಿನ ಮೂರ್ತಿಗೆ ಉಪಚಾರ ಮಾಡಿ ಎದುರಿಗಿರುವ ಜೀವವನ್ನು ಕಡೆಗಣಿಸುವವರನ್ನು ಹಂಗಿಸಿದರು. ಹಾಗಿರುವಾಗ ಕಲ್ಲುಗಳ ಚಿಂತೆ ಏಕೆ? ಈ ಪ್ರಶ್ನೆ ಯೋಗ್ಯವಾದುದು. ಅದಕ್ಕೆ ಉತ್ತರವೂ ಅದೇ ವಿವೇಕದಲ್ಲಿಯೇ ಇದೆ. ವೀರಗಲ್ಲಿಗೆ ಎಣ್ಣೆ ಬಳಿದು, ಬಣ್ಣ ಹಚ್ಚಿ, ಅಕ್ಷರಗಳು ಮುಚ್ಚಿಹೋಗುವಂತೆ ಮಾಡಿ ಕೈಮುಗಿಯುವುದು ಸ್ಥಾವರದ ಉಪಚಾರ. ಅದರ ಮೇಲಿನ ಹೆಸರನ್ನು ಓದಿ, ಅವನ ನಡೆಯನ್ನು ಮಕ್ಕಳಿಗೆ ಹೇಳುವುದು ಬೇರೆ. ಕಲ್ಲು ನಿಂತಲ್ಲೇ ನಿಂತಿರುತ್ತದೆ. ಶಬ್ದ ಒಬ್ಬರಿಂದ ಒಬ್ಬರಿಗೆ ನಡೆದುಹೋಗುತ್ತದೆ. ಉಳಿಸಬೇಕಾದುದು ಹೀಗೆ ನಡೆಯುವುದನ್ನು. ಕಲ್ಲು ಅದಕ್ಕೆ ಆಧಾರ.

ಕೊಲ್ಲುವುದನ್ನು ಕೊಂಡಾಡುವ ಕಲ್ಲುಗಳನ್ನು ದಯೆಯನ್ನು ಮೂಲವೆನ್ನುವ ಧರ್ಮದವರು ಗೌರವಿಸಬಹುದೇ ಎಂಬ ಸಂದೇಹವೂ ಉಂಟು. ಎಲ್ಲ ವೀರಗಲ್ಲುಗಳೂ ರಕ್ಷಣೆಗಾಗಿ ಸತ್ತವರದಲ್ಲ ಎಂಬುದನ್ನು ಒಪ್ಪಬೇಕು. ಅರಸರ ಆಸೆಗಾಗಿ ಸತ್ತವರೂ ಅವರಲ್ಲಿದ್ದಾರೆ. ನಾಗತ್ತರನ ಸಾವೂ ಅರಸನ ಆಜ್ಞೆಯಿಂದ ಬಂದುದೇ. ಆದರೆ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಸುಮಾರು 750ರ ಶ್ರೀಪುರುಷನ ಕಾಲದ ಕಿತ್ತಯ್ಯನ ಕಲ್ಲು ಹೇಳುವುದು ಊರಿನ ಮೇಲೆ ಬಿದ್ದ ದಾಳಿಯನ್ನು ಎದುರಿಸಿ ಮಡಿದವನ ವಿಷಯವನ್ನು. ಓದದೆ ಇವೆರಡರ ಭೇದವನ್ನು ಅರಿಯುವುದು ಸಾಧ್ಯವಿಲ್ಲ. ಗೌರವಿಸುವುದಕ್ಕೂ ವಿಮರ್ಶಿಸುವುದಕ್ಕೂ ಮೊದಲು ಓದುವುದು ಅಗತ್ಯ.

ಮಾಡಬೇಕಾದುದು

ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು.  ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ದಾಖಲಿಸುವ ಕಾರ್ಯವನ್ನು ಕೈಗೊಂಡಿದೆ. ಸವೆದ ಅಕ್ಷರಗಳೂ ಇದರಿಂದ ಓದಲು ಬರುತ್ತವೆ. ವಿದ್ವಾಂಸರು ತಮ್ಮ ಕೆಲಸ ಮಾಡುತ್ತಿದ್ದಾರೆ. ಉಳಿದ ಕೆಲಸ ಊರಿನವರದು ಮತ್ತು ಹೊಸದಾಗಿ ಬಂದು ನೆಲೆಸಿದವರದು.

ಆ ಕೆಲಸ ದೊಡ್ಡದಲ್ಲ. ತಮ್ಮ ಬಡಾವಣೆಯಲ್ಲಿ, ಕಾರ್ಖಾನೆಯ ಬದಿಯಲ್ಲಿ ಇಂತಹ ಕಲ್ಲಿದ್ದರೆ ಅದು ವೀರಗಲ್ಲೋ, ಮಾಸ್ತಿಗಲ್ಲೋ, ಗಡಿಗಲ್ಲೋ, ಶಾಸನಗಲ್ಲೋ ಎಂಬುದನ್ನು ಮೊದಲು ತಿಳಿಯಬೇಕು. ಅದನ್ನು ಇದ್ದಲ್ಲಿಂದ ಕದಲಿಸಬಾರದು, ಸುಣ್ಣಬಣ್ಣ ಬಳಿಯಬಾರದು, ಸಿಮೆಂಟಿನಲ್ಲಿ ಹೂಳಬಾರದು. ಪಕ್ಕದಲ್ಲಿ ಒಂದು ಫಲಕವಿಟ್ಟು, ಕಲ್ಲಿನ ಸರಿಯಾದ ಹೆಸರು, ಕಾಲ, ಅದು ಯಾರ ನೆನಪು ಎಂಬ ಮೂರು ಮಾತುಗಳನ್ನು ಕನ್ನಡದಲ್ಲಿ ಬರೆಯಬೇಕು. ಬೇರೆ ನಾಡಿನಿಂದ ಬಂದವರಿಗಾಗಿ ಅವರ ಭಾಷೆಯಲ್ಲಿ ಬರೆದರೂ ‘ವೀರಗಲ್ಲು’ ಎಂಬ ಶಬ್ದವನ್ನು ಹಾಗೆಯೇ ಇಡಬೇಕು. ಸ್ಮಾರಕ, ಸ್ತಂಭ ಎಂಬ ಸಾಮಾನ್ಯ ಪದಗಳಲ್ಲಿ ಅದರ ಅರ್ಥ ಹಿಡಿಸುವುದಿಲ್ಲ.

ಇನ್ನೂ ಒಂದು ಮಾತು ಉಳಿದಿದೆ. ಕಾಯಕವನ್ನು ಕೈಲಾಸಕ್ಕೆ ಸಮನೆಂದು ನಂಬಿದವರು ವೀರ ಯಾರು ಎಂಬ ಪ್ರಶ್ನೆಯನ್ನು ತಮ್ಮ ಕಾಲದಲ್ಲಿ ನಿಂತು ಕೇಳಬೇಕಾಗುತ್ತದೆ. ಈ ಕೈಗಾರಿಕಾ ಪಟ್ಟಿಯ ಕಟ್ಟಡಗಳನ್ನು ಎತ್ತುವಾಗ, ಯಂತ್ರಗಳ ಬಳಿ ದುಡಿಯುವಾಗ, ಒಳಚರಂಡಿಗೆ ಇಳಿದಾಗ ಪ್ರಾಣ ಕಳೆದುಕೊಳ್ಳುವ ಶ್ರಮಿಕರಿದ್ದಾರೆ. ಅವರು ಕಾಳಗಕ್ಕೆ ಹೋದವರಲ್ಲ, ಸಾಯಲು ಬಯಸಿದವರೂ ಅಲ್ಲ. ಅವರ ಸಾವನ್ನು ವೀರಮರಣವೆಂದು ಹೊಗಳಿ ಯಜಮಾನರ ಹೊಣೆಯನ್ನು ಮರೆಸುವುದು ತಪ್ಪು. ಆದರೆ ವೀರಗಲ್ಲಿನ ಹಿಂದಿದ್ದ ನಿಯಮವನ್ನು ನೆನೆಯಬಹುದು. ಸತ್ತವನ ಹೆಸರನ್ನು ಬರೆಯುವುದು, ಅವನ ಮನೆಯವರಿಗೆ ಬದುಕಲು ದಾರಿ ಮಾಡುವುದು, ಈ ಎರಡೂ ಅಂದು ಒಂದೇ ಕರ್ತವ್ಯದ ಭಾಗಗಳಾಗಿದ್ದವು. ಒಂದು ನಾಯಿಯ ನೆನಪಿಗೂ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ ನಾಡಿನಲ್ಲಿ, ದುಡಿಯುತ್ತ ಸತ್ತವನ ಹೆಸರು ಒಂದು ಗೋಡೆಯ ಮೇಲೂ ಇಲ್ಲವೆಂದರೆ ಅದು ಬಡತನವೇ ಸರಿ.

ತಾತ್ಪರ್ಯ

ವೀರಗಲ್ಲು ಎಂಬುದು ಎತ್ತರದ ಕಲ್ಲಿಗೆ ಇಟ್ಟ ಹೆಸರಲ್ಲ, ಹಳೆಯ ಕಲ್ಲಿಗೆ ಇಟ್ಟ ಹೆಸರೂ ಅಲ್ಲ. ಒಬ್ಬನ ಕಾರ್ಯಕ್ಕೆ ಊರು ಬರೆದುಕೊಟ್ಟ ಋಣಪತ್ರ ಅದು. ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಎಂಬ ಹಳೆಯ ಪದಗಳು ಆ ಋಣವನ್ನು ತೀರಿಸಿದ ಬಗೆಯನ್ನು ತಿಳಿಸುತ್ತವೆ. ಆ ಶಬ್ದವನ್ನು ಬಳಸುವವರು ಕಲ್ಲಿನ ಮೇಲಿನ ಹೆಸರನ್ನು ಕೇಳಿ ತಿಳಿದು ಬಳಸಬೇಕು. ತಿಳಿಯದಿದ್ದರೆ ಕಲ್ಲು ಎಂದಷ್ಟೇ ಹೇಳುವುದು ಪ್ರಾಮಾಣಿಕತೆ. ತಿಳಿದ ಮೇಲೆ ಮುಂದಿನವರಿಗೆ ತಿಳಿಸುವುದು ಕರ್ತವ್ಯ. ಬೇಗೂರಿನ ಕಲ್ಲನ್ನು ನಿಲ್ಲಿಸಿದವರು ಅಷ್ಟನ್ನೇ ಮಾಡಿದ್ದರು. ಅದರ ಫಲವಾಗಿ ಒಂದು ನಗರಕ್ಕೆ ತನ್ನ ಹೆಸರಿನ ಪುರಾವೆ ದೊರೆಯಿತು.